ಹೆಸರು ಒತ್ತಿದರೆ ಸೀರೆ

ಈಗಲೂ ಫೋನಿನಲ್ಲಿ ಯಾರಿಗಾದರೂ ಕರೆ ಮಾಡಬೇಕಾದರೆ, ಹೆಸರುಗಳ ಪಟ್ಟಿ ತೆರೆದು ಬೇಕಾದ ಹೆಸರಿನ ಮೇಲೆ ಬೆರಳಿಡುವ ಮುಂಚೆ ನಾನು ಸ್ವಲ್ಪ ತಡೆಯುತ್ತೇನೆ. ಹೆಸರನ್ನು ಎರಡು ಸಲ ಓದುತ್ತೇನೆ. ಒತ್ತಿದ ಮೇಲೂ, ಆ ಕಡೆಯವರು ಹಲೋ ಎಂದು ಅವರ ದನಿ ಗುರುತು ಸಿಗುವ ತನಕ ನನಗೆ ಪೂರ್ತಿ ನಂಬಿಕೆ ಬರುವುದಿಲ್ಲ. ನಮ್ಮನೆಯವರಿಗೆ ಇದು ನಗು. "ಅದು ನೀನು ಬರೆದಿದ್ದಲ್ಲ ತಾಯಿ, ತಿಳಿದೋರು ಬರೆದಿದ್ದು. ಧೈರ್ಯವಾಗಿ ಒತ್ತು," ಎನ್ನುತ್ತಾರೆ.

ಅವರು ಹಾಗೆನ್ನುವುದಕ್ಕೆ ಕಾರಣವಿದೆ. ಒಂದು ಕಾಲದಲ್ಲಿ ನಾನೂ ಅಂಥ ಪಟ್ಟಿಯೊಂದನ್ನು ಬರೆದವಳು. ಹೆಸರಿನ ಮೇಲೆ ಒತ್ತಿದರೆ ಏನಾಗಬೇಕು ಎಂದು ಕಂಪ್ಯೂಟರಿಗೆ ಹೇಳಿಕೊಟ್ಟವಳು. ಕಂಪ್ಯೂಟರ್ ನಾನು ಹೇಳಿದಂತೆಯೇ ಮಾಡಿತು. ತೊಂದರೆ ಆದದ್ದು ಅದರಿಂದಲೇ.

ತೊಂಬತ್ತರ ದಶಕದ ಕೊನೆಯ ಮಾತು. ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಊರ ತುಂಬ ಹೊಸ ಬೋರ್ಡುಗಳು, ಅವುಗಳಲ್ಲಿ ಅರ್ಧಕ್ಕರ್ಧ ಕಂಪ್ಯೂಟರ್ ಕ್ಲಾಸಿನವು. ನಾವಿದ್ದದ್ದು ಹರಿಹರದಲ್ಲಿ. ನಮ್ಮನೆಯವರಿಗೆ ಹಾರ್ಡ್‌ವೇರ್ ಅಂಗಡಿ. ಮೊಳೆ, ಚಿಲಕ, ಪೈಪು, ಸುಣ್ಣ. ಅಂಗಡಿಗೆಂದು ಒಂದು ಕಂಪ್ಯೂಟರ್ ತರಿಸಿದರು. ಸುಣ್ಣದ ಧೂಳಿಗೆ ಇದು ತಿಂಗಳೊಪ್ಪತ್ತೂ ಬಾಳುವುದಿಲ್ಲ ಎಂದು ತಂದುಕೊಟ್ಟವರೇ ಹೇಳಿದ್ದರಿಂದ ಅದು ನಮ್ಮ ನಡುಮನೆಗೆ ಬಂತು. ನಾನು ಹೂವಿನ ಬಟ್ಟೆಯ ಗವಸು ಹೊಲಿದು ಹಾಕಿದೆ. ಆಯುಧಪೂಜೆಯ ದಿನ ನಮ್ಮ ಅತ್ತೆ ಅದಕ್ಕೆ ಮೂರೆಳೆ ವಿಭೂತಿ ಹಚ್ಚಿದರು, ಪರದೆಯ ಮೇಲೇ. ಆಮೇಲೆ ಅದು ಮನೆಗೆ ಬಂದ ಹಿರಿಯ ಸ್ವಾಮಿಗಳ ಹಾಗೆ ಆರು ತಿಂಗಳು ಮಾತಿಲ್ಲದೆ ಕೂತಿತ್ತು.

ಅದನ್ನು ಮಾತಾಡಿಸುವ ಹೊಣೆ ನನ್ನದು ಎಂದು ನನಗೆ ಯಾಕೆ ಅನ್ನಿಸಿತೋ. ನಾನು ಕಾನ್ವೆಂಟಿನಲ್ಲಿ ಓದಿದವಳು. ಕಂಪ್ಯೂಟರ್ ಎಂದರೆ ಇಂಗ್ಲಿಷ್, ಇಂಗ್ಲಿಷ್ ಎಂದರೆ ನಾನು: ಇಷ್ಟೇ ನನ್ನ ತರ್ಕ. ಮಗಳನ್ನು ಶಾಲೆಗೆ ಕಳಿಸಿ, ಅಡುಗೆ ಮುಗಿಸಿ, ಹತ್ತೂವರೆಯ ಬಸ್ಸಿಗೆ ದಾವಣಗೆರೆಗೆ ಹೋಗಿ ಒಂದೂವರೆಗೆ ಮರಳಿ ಬರುವ ಒಪ್ಪಂದದ ಮೇಲೆ ಕ್ಲಾಸಿಗೆ ಸೇರಿದೆ.

ಅಲ್ಲಿ ಚಪ್ಪಲಿ ಹೊರಗೆ ಬಿಡಬೇಕಿತ್ತು. ಒಳಗೆ ತಣ್ಣನೆಯ ಗಾಳಿ, ಸಾಲು ಪರದೆಗಳು, ಕಾಲುಚೀಲದ ವಾಸನೆ. ಡಿಗ್ರಿ ಮುಗಿಸಿದ ಹುಡುಗಿಯರೆಲ್ಲ ನನ್ನನ್ನು ಮೊದಲ ದಿನವೇ ಆಂಟಿ ಮಾಡಿಬಿಟ್ಟರು. ಪಾಠ ಹೇಳುವ ಮೇಡಂ ನನಗಿಂತ ಏಳೆಂಟು ವರ್ಷಕ್ಕೆ ಚಿಕ್ಕವರು, ವಾಚಿನ ಮುಖವನ್ನು ಮಣಿಕಟ್ಟಿನ ಒಳಗಡೆ ಕಟ್ಟುವವರು. ನಾನು ಮೌಸನ್ನು ಇಸ್ತ್ರಿಪೆಟ್ಟಿಗೆ ಹಿಡಿದ ಹಾಗೆ ಹಿಡಿದು, ಮೇಜಿನ ಅಂಚು ಬಂದ ಕೂಡಲೇ ಇನ್ನು ಜಾಗವಿಲ್ಲವಲ್ಲ ಎಂದು ನಿಂತುಬಿಡುತ್ತಿದ್ದೆ. "ಎತ್ತಿ ಇತ್ತ ಇಡ್ರಿ ಆಂಟಿ," ಎಂದು ಪಕ್ಕದ ಹುಡುಗಿ ಹೇಳುವವರೆಗೆ, ಅದನ್ನು ಎತ್ತಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ. ಆದರೆ ನೋಟ್ಸು ಮಾತ್ರ ಇಡೀ ಕ್ಲಾಸಿನಲ್ಲಿ ನನ್ನವೇ ಚೆಂದ. ಕೆಂಪು ಶಾಯಿಯ ಮಾರ್ಜಿನ್ನು, ಪ್ರತಿ ಶೀರ್ಷಿಕೆಯ ಕೆಳಗೆ ಎರಡು ಗೆರೆ. ಅರ್ಥವಾಗದ್ದನ್ನು ಇನ್ನೂ ಚೆಂದವಾಗಿ ಬರೆದಿಟ್ಟುಕೊಳ್ಳುತ್ತಿದ್ದೆ.

ನಾಲ್ಕನೇ ತಿಂಗಳು ಪಟ್ಟಿಯ ಪಾಠ ಬಂತು. ಪರದೆಯ ಮೇಲೆ ಒಂದು ಚೌಕ, ಅದರೊಳಗೆ ಒಂದರ ಕೆಳಗೊಂದು ಹೆಸರು. ಮೇಡಂ ಬೋರ್ಡಿನ ಮೇಲೆ ಹಣ್ಣುಗಳ ಪಟ್ಟಿ ಬರೆದರು.

"ಪಟ್ಟಿ ಮಾಡೋದು ದೊಡ್ಡದಲ್ಲ. ಯಾರಾದ್ರೂ ಒಂದರ ಮೇಲೆ ಒತ್ತಿದ್ರೆ, ಯಾವುದರ ಮೇಲೆ ಒತ್ತಿದ್ರು ಅಂತ ತಿಳ್ಕೊಂಡು ಸರಿಯಾದ ಉತ್ತರ ಕೊಡ್ಬೇಕಲ್ಲ, ಅದು ದೊಡ್ಡದು. ಕಂಪ್ಯೂಟರಿಗೆ ಮಾವು, ಬಾಳೆ ಗೊತ್ತಾಗಲ್ಲ. ಎಷ್ಟನೇ ಸಾಲು ಅನ್ನೋದಷ್ಟೇ ಗೊತ್ತಾಗೋದು. ಎಲ್ಲಕ್ಕಿಂತ ಮೇಲಿನ ಸಾಲು ಸೊನ್ನೆ. ಆಮೇಲೆ ಒಂದು, ಎರಡು."

ಮೊದಲನೆಯದು ಸೊನ್ನೆ ಎನ್ನುವುದು ನನಗೆ ಗಂಟಲಲ್ಲಿ ಇಳಿಯಲಿಲ್ಲ. ನನ್ನ ಪಟ್ಟಿಯಲ್ಲಿ ಮಾವು ಒತ್ತಿದರೆ ಬಾಳೆಯ ವಿವರ ಬಂತು, ಬಾಳೆ ಒತ್ತಿದರೆ ಸೀತಾಫಲ, ಕೊನೆಯ ದಾಳಿಂಬೆ ಒತ್ತಿದರೆ ಇಡೀ ಪ್ರೋಗ್ರಾಮೇ ಕಣ್ಮುಚ್ಚಿತು. ಅದನ್ನು ತಿದ್ದಿಕೊಂಡ ದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಾನು ಒಬ್ಬಳೇ ನಕ್ಕೆ. ಪಟ್ಟಿಗಳ ವಿಷಯದಲ್ಲಿ ಇನ್ನು ಕಲಿಯುವುದೇನೂ ಇಲ್ಲ ಎಂದುಕೊಂಡೆ.

ಕೋರ್ಸಿನ ಕೊನೆಗೆ ಎಲ್ಲರೂ ಒಂದೊಂದು ಪ್ರಾಜೆಕ್ಟ್ ಮಾಡಬೇಕಿತ್ತು. ಹುಡುಗಿಯರು ಗ್ರಂಥಾಲಯ, ಹೋಟೆಲು ಎಂದೆಲ್ಲ ಹಂಚಿಕೊಂಡರು. ನನಗೆ ವಿಷಯ ಸಿಕ್ಕಿದ್ದು ಮನೆಯಲ್ಲಿ. ಆ ವರ್ಷವೇ ನಾದಿನಿಯ ಮದುವೆ ಗೊತ್ತಾಗಿತ್ತು, ಅತ್ತೆಗೆ ಸೀರೆಗಳ ಚಿಂತೆ ಹತ್ತಿತ್ತು.

ನಮ್ಮ ಕಡೆ ಮದುವೆಯ ಹಿಂದಿನ ದಿನ ಬಂಧುಬಳಗದ ಹೆಂಗಸರನ್ನು ಸಾಲಾಗಿ ಕೂರಿಸಿ ಉಡಿ ತುಂಬುತ್ತಾರೆ. ಸೆರಗಿನೊಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಪ್ಪಸದ ಕಣ, ಅದರ ಮೇಲೆ ಒಂದು ಸೀರೆ. ಯಾರಿಗೆ ಯಾವ ಸೀರೆ ಎನ್ನುವುದರಲ್ಲಿ ಅವರವರ ಹಿರೇತನ, ಹತ್ತಿರದ ನಂಟು, ಹಳೆಯ ಉಪಕಾರ ಎಲ್ಲವೂ ಸೇರಿರುತ್ತದೆ. ಅಲ್ಲಿ ತಪ್ಪಿದರೆ ಬಾಯಲ್ಲಿ ಸರಿಪಡಿಸುವುದು ಕಷ್ಟ. ಅತ್ತೆಗೆ ಅದು ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಹತ್ತು ವರ್ಷದ ಹಿಂದೆ ಅವರು ತಪ್ಪಿದ್ದರು. ಅದೂ ನನ್ನ ಮದುವೆಯಲ್ಲಿ.

ಅತ್ತೆಗೆ ಒಬ್ಬ ಅಕ್ಕ, ಒಬ್ಬ ತಂಗಿ. ಅಕ್ಕನನ್ನು ಕೊಟ್ಟದ್ದು ಭಾನುವಳ್ಳಿಗೆ, ತಂಗಿಯನ್ನು ಕೊಕ್ಕನೂರಿಗೆ. ನಮ್ಮನೆಯವರ ಬಾಯಲ್ಲಿ ಭಾನುವಳ್ಳಿ ದೊಡ್ಡಮ್ಮ, ಕೊಕ್ಕನೂರು ಚಿಕ್ಕಮ್ಮ. ನನ್ನ ಮದುವೆಯ ಗಡಿಬಿಡಿಯಲ್ಲಿ ಅತ್ತೆ ಇಬ್ಬರಿಗೂ ಒಂದೇ ಥರದ ಸೀರೆ ಕೊಟ್ಟುಬಿಟ್ಟರು. ಬಣ್ಣ ಒಂದೇ, ಅಂಚು ಒಂದೇ. "ಹಿರೇಳಿಗೂ ಕಿರೇಳಿಗೂ ಒಂದೇ ಏನು?" ಎಂದು ದೊಡ್ಡಮ್ಮ ಎದ್ದು ಹೋದವರು ಊಟಕ್ಕೆ ಕೂರಲಿಲ್ಲ. ಆಮೇಲೆ ಹತ್ತು ವರ್ಷ ಅಕ್ಕ ತಂಗಿ ಮಾತಾಡಲಿಲ್ಲ. ಭಾನುವಳ್ಳಿಯಿಂದ ಹರಿಹರಕ್ಕೆ ದಿನಕ್ಕೆ ಎಷ್ಟೋ ಬಸ್ಸು. ಸಂತೆಗೆ ಬಂದರೂ ದೊಡ್ಡಮ್ಮ ನಮ್ಮ ಓಣಿಯ ತಿರುವು ದಾಟಿ ಹೋಗುತ್ತಿದ್ದರಂತೆ. ಅತ್ತೆ ಒಮ್ಮೊಮ್ಮೆ ಸಂತೆಯ ದಿನ ಬಾಗಿಲಲ್ಲಿ ಕೂತು ಅಕ್ಕಿ ಆರಿಸುವುದನ್ನು ನಾನು ಕಂಡಿದ್ದೇನೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದರು.

ಈಗ ನಾದಿನಿ ತಾನೇ ಭಾನುವಳ್ಳಿಗೆ ಹೋಗಿ ಕಾಲಿಗೆ ಬಿದ್ದು ಕರೆದು ಬಂದಿದ್ದಳು. ದೊಡ್ಡಮ್ಮ ಬರುತ್ತೇನೆ ಎಂದಿದ್ದರು. ಆದರೆ ಅತ್ತೆಯ ಬಾಯಿಂದ ಒಂದು ಮಾತು ಹೊರಡಲಿಲ್ಲ. "ತಪ್ಪಾತು ಅಂತ ಹೇಳಿಬಿಡ್ರಿ ಅತ್ತೆ, ಮುಗಿದುಹೋಗ್ತೈತೆ," ಎಂದೆ.

"ಬಾಯಲ್ಲಿ ಯಾಕ ಹೇಳ್ಬೇಕು? ಸೀರಿ ಉಡಿಗೆ ಬಿದ್ದಾಗ ಅಕಿಗೇ ತಿಳೀತೈತೆ," ಎಂದರು.

ಆ ಸೀರೆಗಾಗಿ ಅತ್ತೆ ದಾವಣಗೆರೆಯ ಚೌಕಿಪೇಟೆಯ ಅಂಗಡಿಗಳಿಗೆ ನಾಲ್ಕು ಸಲ ಹೋದರು. ಗಾದಿಯ ಮೇಲೆ ಕೂತು, ಬಿಚ್ಚಿಸಿದ್ದನ್ನೆಲ್ಲ ಬೆಳಕಿಗೆ ಹಿಡಿಸಿ, ಕೊನೆಗೆ ಜಂಬುನೇರಳೆ ಬಣ್ಣದ, ಕೆಂಪು ಅಂಚಿನ, ತೂಕದ ಇಳಕಲ್ ರೇಷ್ಮೆ ಒಂದನ್ನು ಆರಿಸಿದರು. ಅಂಥದು ಇನ್ನೊಂದು ಅಂಗಡಿಯಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಎದ್ದರು. ಮೊದಲೇ ಸುದ್ದಿ ಹೊರಬಿದ್ದು ಹೋದ ಸಲದ ಹಾಗೆ ಹೋಲಿಕೆ ಶುರುವಾಗಬಾರದೆಂದು ಎಲ್ಲ ಸೀರೆಗಳನ್ನೂ ಕಂದು ಬಣ್ಣದ ಕವರಿನಲ್ಲಿ ಹಾಕಿ, ಬಾಯಿ ಅಂಟಿಸಿ, ಮೇಲೆ ಬರೀ ಒಂದೊಂದು ನಂಬರು ಬರೆದರು. ಕೊಂಡುತಂದ ಹಾಗೆ ಬರೆದ ನಂಬರು, ಅದಕ್ಕೊಂದು ಕ್ರಮವಿಲ್ಲ. ಯಾವ ನಂಬರು ಯಾರದು ಎಂಬುದು ಅವರ ಒಂದು ಚೀಟಿಯಲ್ಲಿ ಮಾತ್ರ ಇತ್ತು. ಆ ಚೀಟಿ ಅವರ ಸೊಂಟದಲ್ಲಿ.

"ಅತ್ತೆ, ಇದನ್ನ ಕಂಪ್ಯೂಟರಿಗೆ ಹಾಕೋಣ್ರಿ. ಹೆಸರು ಒತ್ತಿದ್ರೆ ನಂಬರು ಬರ್ತೈತೆ. ಚೀಟಿ ಕಳೆದ್ರೂ ಚಿಂತಿಲ್ಲ," ಎಂದೆ.

ಮೂರೆಳೆ ವಿಭೂತಿ ಹಚ್ಚಿಸಿಕೊಂಡ ವಸ್ತುವಿನ ಮೇಲೆ ಅವರಿಗೆ ಗೌರವವಿತ್ತು. ಒಪ್ಪಿದರು. ಒಂದು ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು ಇಬ್ಬರೂ ಕೂತೆವು. ಅವರು ಹೇಳಿದರು, ನಾನು ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿದೆ. ಮೊದಲು ಭಾನುವಳ್ಳಿ. ಎರಡನೆಯದು ಕೊಕ್ಕನೂರು. ಆಮೇಲೆ ಮಾವನವರ ಅಕ್ಕತಂಗಿಯರು, ಆಮೇಲೆ ಕಡರನಾಯಕನಹಳ್ಳಿಯವರು, ದಾವಣಗೆರೆಯವರು, ಓಣಿಯವರು. ಹಿರಿಯರಿಂದ ಕಿರಿಯರಿಗೆ, ಹತ್ತಿರದಿಂದ ದೂರಕ್ಕೆ. ಕೊನೆಯಿಂದ ಎರಡನೆಯದು, ನಮ್ಮ ಮನೆಯ ಕಾರ್ಯಕ್ಕೆಲ್ಲ ಹೋಳಿಗೆ ಮಾಡಲು ಬರುತ್ತಿದ್ದ ಅಡುಗೆ ಅಕ್ಕ. ಕಟ್ಟಕಡೆಯದು ಎಲೆಬೇತೂರಿನ ದೂರದ ನಂಟೊಂದು. ಹೆಸರುಗಳದ್ದು ಒಂದು ಸಾಲು, ಅದೇ ಕ್ರಮದಲ್ಲಿ ನಂಬರುಗಳದ್ದು ಇನ್ನೊಂದು ಸಾಲು. ಎಷ್ಟನೇ ಹೆಸರು ಒತ್ತಿದರೋ ಅಷ್ಟನೇ ನಂಬರು ತೋರಿಸು. ಮೇಡಂ ಹೇಳಿಕೊಟ್ಟ ಹಾಗೆಯೇ, ಸೊನ್ನೆಯನ್ನೂ ಮರೆಯಲಿಲ್ಲ.

ಅತ್ತೆ ಒಂದೊಂದೇ ಹೆಸರು ಹೇಳಿದರು, ನಾನು ಒತ್ತಿದೆ, ಅವರು ಚೀಟಿ ನೋಡಿ ತಲೆಯಾಡಿಸಿದರು. ಒಂದೂ ತಪ್ಪಲಿಲ್ಲ.

"ಶಾಣ್ಯಾ ಐತೆ ಬಿಡು," ಎಂದರು. ಹೊಗಳಿಕೆ ಯಂತ್ರಕ್ಕೋ ನನಗೋ ಎಂದು ಕೇಳುವ ಧೈರ್ಯವಾಗಲಿಲ್ಲ. ಎದ್ದು ಹೋಗಿ ಆ ಚೀಟಿಯನ್ನು ಒಲೆಗೆ ಹಾಕಿದರು. "ಇನ್ನು ಇದು ಬ್ಯಾಡ. ಯಾರ ಕೈಗಾದ್ರೂ ಸಿಕ್ಕೀತು."

ಕಾಗದ ಉರಿಯುವುದನ್ನು ನೋಡುತ್ತ ನನಗೆ ಎದೆ ತುಂಬಿ ಬಂತು. ಒಬ್ಬ ಅತ್ತೆ ಸೊಸೆಯನ್ನು ಇದಕ್ಕಿಂತ ಹೆಚ್ಚು ನಂಬಲು ಸಾಧ್ಯವಿಲ್ಲ ಎಂದುಕೊಂಡೆ.

ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ದಿನ ಸುಮ್ಮನಿರಲಾರದೆ ಮತ್ತೊಮ್ಮೆ ತೆರೆದು ನೋಡಿದೆ. ಎಲ್ಲ ಸರಿಯಿದೆ, ಆದರೆ ಕಣ್ಣಿಗೆ ಚೆಂದವಿಲ್ಲ. ಬಿ ಆದ ಮೇಲೆ ಕೆ, ಕೆ ಆದ ಮೇಲೆ ಎಚ್, ಮತ್ತೆ ಕೆ. ಎಂಥ ಅಸಡ್ಡಾಳ! ನಮ್ಮ ಕಾನ್ವೆಂಟಿನಲ್ಲಿ ಹಾಜರಿ ಕರೆಯುವುದರಿಂದ ಹಿಡಿದು ಹಬ್ಬಕ್ಕೆ ಕೇಕಿನ ತುಂಡು ಹಂಚುವವರೆಗೆ ಎಲ್ಲವೂ ಎ ಬಿ ಸಿ ಕ್ರಮದಲ್ಲೇ ನಡೆಯುತ್ತಿತ್ತು. ನನ್ನ ಹೆಸರು ಕೊನೆಯ ಕಡೆಗಿದ್ದುದರಿಂದ ನನಗೆ ಯಾವಾಗಲೂ ಕೇಕಿನ ಅಂಚೇ ಸಿಗುತ್ತಿತ್ತು. ಆದರೂ ಆ ಕ್ರಮದಲ್ಲಿ ಯಾರೂ ದೊಡ್ಡವರಲ್ಲ, ಯಾರೂ ಚಿಕ್ಕವರಲ್ಲ ಎಂದು ಸಿಸ್ಟರ್ ಹೇಳುತ್ತಿದ್ದುದು ನನಗೆ ಹಿಡಿಸಿತ್ತು. ಪಟ್ಟಿಯ ಗುಣಲಕ್ಷಣಗಳ ನಡುವೆ ಹುಡುಕಿದರೆ ಅಲ್ಲೇ ಸಿಕ್ಕಿತು: ಅಕ್ಷರಕ್ರಮ ಬೇಕೇ, ಬೇಡವೇ. ಬೇಡ ಎಂದಿದ್ದುದನ್ನು ಬೇಕು ಎಂದು ಮಾಡಿದೆ. ಒಂದೇ ಒಂದು ಮಾತು. ಕಣ್ಣು ಮಿಟುಕಿಸುವುದರೊಳಗೆ ಹೆಸರುಗಳೆಲ್ಲ ಎದ್ದು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತವು. ಮೇಲೆ ಅಡುಗೆ ಅಕ್ಕ, ಅವಳ ಕೆಳಗೆ ಭಾನುವಳ್ಳಿ. ಕೊನೆಯಲ್ಲಿ, ಇಂಗ್ಲಿಷಿನ ವೈ ಅಕ್ಷರ ಹಿಡಿದು ಎಲೆಬೇತೂರು.

ಪರೀಕ್ಷೆ ಮಾಡದೆ ಬಿಡುವವಳಲ್ಲ ನಾನು. ಒಂದನ್ನು ಒತ್ತಿ ನೋಡಿದೆ. ಮೌಸಿನ ಬಾಣ ಕೆಳಗೇ ನಿಂತಿತ್ತಾದ್ದರಿಂದ ಒತ್ತಿದ್ದು ಎಲೆಬೇತೂರನ್ನು. ಸರಿಯಾದ ನಂಬರೇ ಬಂತು. ಮಾರನೆಯ ದಿನ ಮೇಡಂ ಕೂಡ ಪಟ್ಟಿಯನ್ನು ಕೆಳಗಿನ ತನಕ ಎಳೆದು ಎಲೆಬೇತೂರನ್ನೇ ಒತ್ತಿ, "ವೆರಿ ಗುಡ್, ನೀಟಾಗಿದೆ," ಎಂದರು. ಅತ್ತೆ ಹೇಳಿದ ಕ್ರಮದಲ್ಲೂ ಅಕ್ಷರಗಳ ಕ್ರಮದಲ್ಲೂ ಕೊನೆಯಲ್ಲೇ ಇದ್ದ ಒಂದೇ ಒಂದು ಹೆಸರು ಅದು ಎಂಬುದು ನಮ್ಮಿಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ. ಹೆಸರುಗಳು ಮಾತ್ರ ಎದ್ದು ಜಾಗ ಬದಲಿಸಿದ್ದವು. ನಂಬರುಗಳು ಪಾಪ, ಅತ್ತೆ ಹೇಳಿದ ಜಾಗದಲ್ಲೇ ಕೂತಿದ್ದವು.

ಉಡಿ ತುಂಬುವ ಹಿಂದಿನ ಮಧ್ಯಾಹ್ನ ಕವರುಗಳ ಮೇಲೆ ಹೆಸರು ಬರೆಯುವ ಕೆಲಸ ಇಟ್ಟುಕೊಂಡೆ. ಸಹಾಯಕ್ಕೆ ಪಕ್ಕದ ಮನೆಯ ಆಪಾ ಬಂದರು. ಸೀರೆಗಳಿಗೆ ಫಾಲ್ ಹಚ್ಚಿ, ಸೆರಗಿಗೆ ಕುಚ್ಚು ಕಟ್ಟಿಕೊಡುವ ಕಸುಬು ಅವರದು. ನಮ್ಮ ಈ ಸೀರೆಗಳೆಲ್ಲ ಅವರ ಕೈ ದಾಟಿಯೇ ಕವರು ಸೇರಿದ್ದವು. ನಾನು ಹೆಸರು ಒತ್ತಿ ನಂಬರು ಹೇಳುವುದು, ಅವರು ಆ ಕವರು ತೆಗೆದುಕೊಡುವುದು, ನಾನು ನನ್ನ ದುಂಡಗಿನ ಅಕ್ಷರದಲ್ಲಿ ಹೆಸರು ಬರೆಯುವುದು.

ಮೊದಲನೆಯದೇ ಅಡುಗೆ ಅಕ್ಕನದು. ಆಪಾ ಕವರನ್ನು ಕೈಯಲ್ಲಿ ಎತ್ತಿ ತೂಗಿದರು.

"ಭಾಬಿ, ಇದು ಭಾಳ ವಜನ್ ಐತಲ್ರೀ. ರೇಷ್ಮೆ ಇದ್ದಂಗೆ ಐತೆ."

"ನಂಬರು ನೋಡ್ರಿ ಆಪಾ, ಸರಿ ಐತಲ್ಲ?"

"ನಂಬರು ಸರಿ ಐತೆ. ಅಡುಗಿ ಅಕ್ಕನಿಗೆ ಇಷ್ಟು ವಜನ್ ಸೀರಿ ಕೊಡ್ತಾರೇನ್ರೀ ನಿಮ್ಮತ್ತಿ?"

"ಅತ್ತೆ ಮನಸ್ಸು ದೊಡ್ಡದು," ಎಂದೆ.

ಎರಡನೆಯದು ಭಾನುವಳ್ಳಿಯದು. ಆಪಾ ಅದನ್ನು ಎರಡು ಬೆರಳಲ್ಲಿ ಎತ್ತಿದರು. "ಇದು ಹೂ ಇದ್ದಂಗೆ ಹಗುರ ಐತೆ. ಒಂದ್ ಸಲ ಬಿಚ್ಚಿ ನೋಡೋಣೇನ್ರೀ?"

"ಬ್ಯಾಡ ಆಪಾ. ಅಂಟಿಸಿದ್ದನ್ನ ಬಿಚ್ಚಿದ್ರೆ ಅತ್ತೆ ಬೇಜಾರು ಮಾಡ್ಕೊಂತಾರೆ. ಕಂಪ್ಯೂಟರ್ ತಪ್ಪು ಹೇಳಲ್ಲ."

ಆಪಾ ಕಂಪ್ಯೂಟರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. "ಓದಿದೋರು ನೀವು," ಎಂದು ಕವರು ಮುಂದಿಟ್ಟರು. ಆ ಮಾತಿನ ದನಿಯಲ್ಲಿ ಇನ್ನೇನೋ ಇತ್ತೆಂದು ಈಗ ಗೊತ್ತಾಗುತ್ತದೆ. ಆಗ ನಾನು ಅದನ್ನು ಮೆಚ್ಚುಗೆ ಎಂದೇ ತೆಗೆದುಕೊಂಡು ಮೂರನೆಯ ಹೆಸರು ಒತ್ತಿದೆ.

ಮಾರನೆಯ ಬೆಳಿಗ್ಗೆ ಮೊದಲು ಅಡುಗೆ ಅಕ್ಕನ ಉಡಿ ತುಂಬಿದರು, ಅವಳು ಒಲೆಯ ಮುಂದೆ ಹೋಗಬೇಕಿತ್ತಲ್ಲ. ಆಮೇಲೆ ಜಮಖಾನೆಯ ಮೇಲೆ ಎಲ್ಲರೂ ಕೂತರು. ದೊಡ್ಡಮ್ಮ ಬಂದಿದ್ದರು. ಕಪ್ಪು ಇಳಕಲ್ ಸೀರೆ, ತಲೆ ತುಂಬ ಸೆರಗು, ಹಣೆಯಲ್ಲಿ ಗೆರೆ ಕೊರೆದ ಹಾಗೆ ವಿಭೂತಿ. ಸಾಲಿನ ಮೊದಲ ಜಾಗದಲ್ಲಿ ಅವರನ್ನು ಕೂರಿಸಿದ್ದಾಯಿತು. ಅತ್ತೆ ಎದುರು ಮಂಡಿಯೂರಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಐದು ಬೊಗಸೆ ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು. ನಾನು ಕವರು ಎತ್ತಿ ಕೊಟ್ಟೆ. ಅದನ್ನು ಅತ್ತೆ ಎರಡೂ ಕೈಯಲ್ಲಿ ಹಿಡಿದು ಇಟ್ಟರು. ಹತ್ತು ವರ್ಷದ ಮಾತನ್ನೆಲ್ಲ ಆ ಕವರಿನಲ್ಲಿ ಹಾಕಿ ಅಂಟಿಸಿದ್ದರಲ್ಲ.

ಉಡಿಯ ಕವರನ್ನು ಮನೆಗೆ ಹೋಗಿ ಬಿಚ್ಚುವುದು ರೂಢಿ. ದೊಡ್ಡಮ್ಮ ಅಲ್ಲೇ ಬಿಚ್ಚಿದರು. ಅವರು ಬಂದದ್ದೇ ಅದನ್ನು ನೋಡಲಿಕ್ಕೆ ಅಲ್ಲವೇ.

ಒಳಗಿನಿಂದ ಗುಲಾಬಿ ಬಣ್ಣದ ಫ್ಯಾನ್ಸಿ ಸೀರೆ ಜಾರಿ ಬಂತು. ಮೈತುಂಬ ಬಿಳಿ ಹೂವು, ಸೆರಗಿನಲ್ಲಿ ಚಮಕಿ. ಬೆಳಕಿಗೆ ಹಿಡಿದರೆ ಆ ಕಡೆಯ ಗೋಡೆ ಕಾಣುವಷ್ಟು ತೆಳು. ಥಳಕು ಇಷ್ಟಪಡುವ ಕೊಕ್ಕನೂರು ಚಿಕ್ಕಮ್ಮನಿಗೆಂದು ಅತ್ತೆ ತಂದದ್ದು ಅದು.

ಜಮಖಾನೆಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರ ಕಣ್ಣೂ ಆ ಸೀರೆಯ ಮೇಲೆ. ದೊಡ್ಡಮ್ಮ ಅತ್ತೆಯ ಕಡೆ ತಿರುಗಲಿಲ್ಲ. ನನ್ನನ್ನು ನೋಡಿ ಹೇಳಿದರು.

"ತಂಗೀ, ನಿಮ್ಮತ್ತಿಗೆ ಹೇಳು. ಹೋದ ಸಲ ಕಿರೇಳಿಗೆ ಕೊಟ್ಟಂಥಾದ್ದು ಕೊಟ್ಟಿದ್ಲು. ಈ ಸಲ ಕಿರೇಳ್ದನ್ನೇ ಕೊಟ್ಟಾಳ. ಭಾಳ ಚೆಂದಾತು."

ಅತ್ತೆಯ ಮುಖ ಬಿಳುಪೇರಿತು. ಅವರು ಕವರಿನ ಮೇಲಿನ ನಂಬರು ನೋಡಿದರು, ನನ್ನ ದುಂಡಗಿನ ಅಕ್ಷರ ನೋಡಿದರು, ನನ್ನನ್ನು ನೋಡಿದರು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಅಡುಗೆ ಅಕ್ಕ ಕಾಣಿಸಿಕೊಂಡಳು. ಅವಳೂ ಬಿಚ್ಚಿ ನೋಡಿದ್ದಳು. ಜಂಬುನೇರಳೆ ರೇಷ್ಮೆಯನ್ನು ಎದೆಗೆ ಒತ್ತಿಕೊಂಡಿದ್ದಳು, ಕಣ್ಣಲ್ಲಿ ನೀರು.

"ಅವ್ವಾರೇ, ಇಷ್ಟು ಮದುವಿ ಮಾಡೀನಿ, ನನಗೆ ಯಾರೂ ಹಿಂಗೆ ಕೊಟ್ಟಿದ್ದಿಲ್ರೀ," ಎಂದಳು.

ಉಡಿಗೆ ಬಿದ್ದದ್ದನ್ನು ಮರಳಿ ಕೇಳುವ ಹಾಗಿಲ್ಲ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಅವಮಾನ, ಅಪಶಕುನ ಎರಡೂ ಇಲ್ಲ. ಕಂಪ್ಯೂಟರಿನಲ್ಲಾದರೆ ಮಾಡಿದ್ದನ್ನು ಹಿಂದಕ್ಕೆ ಪಡೆಯಲು ಒಂದು ಗುಂಡಿ ಇದೆ. ಉಡಿಗೆ ಇಲ್ಲ. ಅಷ್ಟು ಹೆಂಗಸರ ನಡುವೆ ಕೈಯಲ್ಲಿ ಮೂರನೆಯ ಕವರು ಹಿಡಿದು ನಿಂತ ನನಗೆ, ಆ ಹೊತ್ತಿನಲ್ಲಿ ಹೊಳೆದದ್ದು ಇಷ್ಟೇ: ಎ, ಆಮೇಲೆ ಬಿ. ಅಯ್ಯೋ ದೇವರೇ.

"ಅಕ್ಕಾ," ಎಂದರು ಅತ್ತೆ.

ಹತ್ತು ವರ್ಷದ ಮೇಲೆ ಮೊದಲ ಮಾತು ಅದು.

"ಅಕ್ಕಾ, ಅದು ನಿಂದಲ್ಲ. ನಿಂದು ಅಕಿ ಕೈಯಾಗೈತೆ. ನಾ ನಿನಗಂತ ನಾಲ್ಕ್ ಸಲ ಚೌಕಿಪ್ಯಾಟಿಗೆ ಹೋಗಿ... ತಪ್ಪಾತಕ್ಕಾ. ತಪ್ಪಾತು."

ದೊಡ್ಡಮ್ಮ ಈಗ ತಂಗಿಯ ಕಡೆ ತಿರುಗಿದರು. ಅಡುಗೆ ಅಕ್ಕನ ಕೈಯಲ್ಲಿದ್ದ ಸೀರೆಯನ್ನು ಅಲ್ಲಿಂದಲೇ ನೋಡಿದರು. ಬಣ್ಣ, ಅಂಚು, ಸೆರಗು, ಒಂದನ್ನೂ ಬಿಡದೆ ನಿಧಾನವಾಗಿ ನೋಡಿದರು.

"ಅದು ನನಗ ತಂದಿದ್ಯಾ?"

"ನಿನಗೇ."

"ಮತ್ತ ಅಕಿಗೆ ಹೆಂಗೆ ಹೋತು?"

ಎಲ್ಲರೂ ನನ್ನನ್ನು ನೋಡಿದರು. "ಎ ಬಿ ಸಿ ಪ್ರಕಾರ ರೀ ದೊಡ್ಡಮ್ಮ," ಎಂದೆ. ನನ್ನ ಜೀವನದಲ್ಲಿ ಅಷ್ಟು ದಡ್ಡತನದ ವಾಕ್ಯವನ್ನು ಅಷ್ಟು ವಿನಯದಿಂದ ಇನ್ನೊಮ್ಮೆ ಹೇಳಿಲ್ಲ.

ಅಡುಗೆ ಅಕ್ಕನಿಗೆ ಅಷ್ಟರಲ್ಲಿ ವಿಷಯ ತಿಳಿಯಿತು. ಮುಖ ಸಣ್ಣದಾಯಿತು. ಸೀರೆಯನ್ನು ಮಡಚುತ್ತ ಮುಂದೆ ಬಂದಳು. "ತಗೋಳ್ರಿ ದೊಡ್ಡವ್ವಾರೇ, ನಿಮ್ದು ನಿಮಗ."

"ಏ, ದೂರ ನಿಂದ್ರು! ಉಡಿಗೆ ಬಿದ್ದದ್ದು ನಾನು ಇಸ್ಕಂತೀನೇನು?" ಎಂದು ದೊಡ್ಡಮ್ಮ ಗದರಿದರು. ಆಮೇಲೆ ಅತ್ತೆಗೆ, "ಈ ಮಾತು ಅವತ್ತೇ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಸೀರಿ ಯಾರಿಗ್ ಬೇಕಿತ್ತು?"

"ಬೇಕಿಲ್ದಿದ್ರೆ ಹತ್ತ್ ವರ್ಷ ಯಾಕ ಮುಖ ತಿರುವಿಕೊಂಡು ಹೋದಿ?" ಎಂದರು ಅತ್ತೆ, ಮೂಗು ಒರೆಸಿಕೊಳ್ಳುತ್ತ.

"ನೀ ಕರೀಲಿಲ್ಲ."

"ನೀ ನಿಲ್ಲಲಿಲ್ಲ."

ಅಲ್ಲಿಂದ ಶುರುವಾದ ಜಗಳ ಊಟದ ಎಲೆ ಹಾಕುವವರೆಗೂ ನಡೆಯಿತು. ಹತ್ತು ವರ್ಷದ ಬಾಕಿ ಮಾತುಗಳಲ್ಲವೇ. ಜಮಖಾನೆಯ ಮೇಲಿದ್ದ ಉಳಿದವರ ಉಡಿಗೆ ಯಾವ ಸೀರೆ ಬೀಳಬೇಕು ಎಂದು ಕೇಳುವವರೇ ಇರಲಿಲ್ಲ. ನಾನು ಓಡಿಹೋಗಿ ಕಂಪ್ಯೂಟರಿನಲ್ಲಿ ಬೇಕು ಎಂದಿದ್ದುದನ್ನು ಮತ್ತೆ ಬೇಡ ಎಂದು ಮಾಡಿ, ಮಿಕ್ಕ ಹೆಸರುಗಳನ್ನು ಹೊಸದಾಗಿ ಒತ್ತಿ, ಕವರುಗಳ ಮೇಲೆ ಹೊಡೆದು ತಿದ್ದಿ ತಂದೆ. ನನ್ನ ಕೈಬರಹ ಜೀವನದಲ್ಲಿ ಮೊದಲ ಸಲ ಅಷ್ಟು ಅಸಹ್ಯವಾಗಿತ್ತು. ಆಪಾ ಬಾಗಿಲ ಬಳಿ ನಿಂತು ಒಂದೊಂದೇ ಕವರನ್ನು ಕೈಯಲ್ಲಿ ತೂಗಿ, "ಈಗ ಸರಿ ಐತೆ, ಕೊಡ್ರಿ," ಎಂದು ಒಳಗೆ ಕಳಿಸಿದರು. ಕೊಕ್ಕನೂರು ಚಿಕ್ಕಮ್ಮನಿಗೆ ಮಾತ್ರ ಉಳಿದದ್ದು ಅಡುಗೆ ಅಕ್ಕನಿಗೆಂದು ತಂದಿದ್ದ ಹತ್ತಿಯ ಸೀರೆ. ಅವರು ಸಂಜೆಯವರೆಗೆ ಮುಖ ಊದಿಸಿಕೊಂಡಿದ್ದರು. ಅತ್ತೆ ಇನ್ನೊಮ್ಮೆ ಚೌಕಿಪೇಟೆಗೆ ಹೋಗಬೇಕಾಯಿತು. ಜೊತೆಗೆ ದೊಡ್ಡಮ್ಮನೂ ಹೋದರು, ಆರಿಸಲಿಕ್ಕೆ.

ಸಂಜೆ ಮರಳಿ ಬಂದ ದೊಡ್ಡಮ್ಮ, ಆ ಶಾಣ್ಯಾ ಪೆಟ್ಟಿಗೆಯನ್ನು ತಮಗೂ ತೋರಿಸೆಂದರು. ಗವಸು ತೆಗೆದು ಪಟ್ಟಿ ತೋರಿಸಿದೆ.

"ನಾ ಎಲ್ಲಿದೀನಿ?"

"ಈಗ ಮೊದಲನೇಯೋರು ನೀವೇ ರೀ."

"ಆಗ?"

"ಎರಡನೇಯೋರು. ನಿಮಗಿಂತ ಮೊದಲು ಅಡುಗೆ ಅಕ್ಕ."

ದೊಡ್ಡಮ್ಮ ಪರದೆಯನ್ನು ಹತ್ತಿರದಿಂದ ನೋಡಿದರು. "ಹೆಸರು ಎಲ್ಲಿಗೆ ಹೋದ್ರೆ ಅದರ ನಂಬರೂ ಹಿಂದೇ ಹೋಗೂ ಹಂಗೆ ಕಟ್ಟೋಕೆ ಬರಲ್ಲೇನವ್ವಾ? ಎಮ್ಮಿ ಹಿಂದೆ ಕರ ಹೋದಂಗೆ?"

ತಿಂಗಳ ಮೇಲೆ ಮೇಡಂಗೆ ಎಲ್ಲ ಹೇಳಿದಾಗ ಅವರು ಹಣೆ ಚಚ್ಚಿಕೊಂಡು ಹೇಳಿಕೊಟ್ಟದ್ದೂ ಅದನ್ನೇ. ಪ್ರತಿ ಹೆಸರಿಗೂ ಅದರ ಗುರುತನ್ನು ಕಟ್ಟಿಬಿಡಬೇಕು, ಎಷ್ಟನೇ ಸಾಲು ಎಂದು ಕೇಳಲೇಬಾರದು. ನಾನು ಅದನ್ನು ನೋಟ್ಸಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಸರ್ಟಿಫಿಕೇಟನ್ನು ಅವರು ವಾಪಸು ಕೇಳಲಿಲ್ಲ. ಅವರೂ ಎಲೆಬೇತೂರನ್ನೇ ಒತ್ತಿದ್ದರಲ್ಲ.

ಮದುವೆಯ ದಿನ ಅಡುಗೆ ಅಕ್ಕ ಹೋಳಿಗೆ ಬೇಯಿಸಿ ಮುಗಿಸಿ, ಮುಖ ತೊಳೆದು ಜಂಬುನೇರಳೆ ರೇಷ್ಮೆ ಉಟ್ಟು ಬಂದಳು. ದೊಡ್ಡಮ್ಮ ಗುಲಾಬಿ ಸೀರೆಯನ್ನೇ ಉಟ್ಟಿದ್ದರು. ಜಾರುವ ಆ ಸೆರಗು ತಲೆಯ ಮೇಲೆ ನಿಲ್ಲದೆ ಮತ್ತೆ ಮತ್ತೆ ಇಳಿಯುತ್ತಿತ್ತು. ಪಕ್ಕದಲ್ಲಿ ಕೂತ ಅತ್ತೆ ಬೈಯುತ್ತ ಬೈಯುತ್ತ ಅದನ್ನು ಮೇಲೆಳೆದು ಹೊದಿಸುತ್ತಿದ್ದರು.

ಆಮೇಲೆ ಪ್ರತಿ ವಾರ ಭಾನುವಳ್ಳಿಯ ಎಸ್‌ಟಿಡಿ ಬೂತಿನಿಂದ ನಮ್ಮ ಮನೆಗೆ ಫೋನು ಬರತೊಡಗಿತು. ಎತ್ತುವವಳು ನಾನೇ. ದೊಡ್ಡಮ್ಮನ ಮೊದಲ ಮಾತು ಯಾವಾಗಲೂ ಒಂದೇ.

"ನಿಮ್ಮತ್ತಿಗೆ ಕೊಡವ್ವಾ. ನೋಡಿ ಕೊಡು, ಮತ್ತ ಇನ್ಯಾರಿಗಾರ ಕೊಟ್ಟೀಯ."